ಗೋಕುಳ ಶಿರಗಾಂವದಲ್ಲಿ ಕಾಣೆಯಾದ ನಕ್ಷೆಗಳು

ದಸರೆಯ ಮರುದಿನ ಗೋಕುಳ ಶಿರಗಾಂವದ ಅಲ್ಲಪ್ಪನ ಫೌಂಡ್ರಿಯಲ್ಲಿ ಸರ್ವರ್ ತೆರೆದರೆ — ಎಂಟು ವರ್ಷದ ಎರಕದ ನಕ್ಷೆಗಳೇ ಇಲ್ಲ! ಹಬ್ಬದ ಮುನ್ನ ಅವನ್ನು ಸಾಗಿಸಲು ಹಚ್ಚಿದ್ದ ಹಾರ್ಡ್‌ಡಿಸ್ಕೂ ತೆರೆಯುತ್ತಿಲ್ಲ.

ಅಲ್ಲಪ್ಪ ನನ್ನ ಗೆಳೆಯ. ಫೋನ್ ಮಾಡಿದ್ದು ಮಾತ್ರ ನನ್ನ ಹೆಂಡತಿ ರತ್ನಮಾಲಾಳಿಗೆ. ಪತ್ತೆ ಕೆಲಸ ಅವಳದು. ಇಚಲಕರಂಜಿಯಿಂದ ಗಾಡಿ ಓಡಿಸುವುದು ನನ್ನದು.

“ಈಕೀನಽ ಮಾರ್‍ಯಾಳ, ವೈನಿ!” ನಕ್ಷೆಗಳನ್ನು ನೋಡಿಕೊಳ್ಳುವ ರುತುಜಾಳತ್ತ ಅಲ್ಲಪ್ಪ ಬೆರಳು ತೋರಿಸಿದ. “ನಮ್ಮನ್ನ ಬಿಟ್ಟು ಬ್ಯಾರೆ ಫೌಂಡ್ರಿ ಸೇರಿದ ಅತುಲಗ ಕೊಟ್ಟಾಳ. ಸಂಜಿಗೆ ಪೊಲೀಸ್ ಕಂಪ್ಲೇಂಟ್ ಕೊಡಾಂವ ನಾ.”

ರುತುಜಾಳ ಮುಖ ಬಿಳಿಚಿತ್ತು.

“ನಕ್ಷೆ ಹ್ಯಾಂಗ ಸಾಗಿಸಿದಿ?” ರತ್ನಮಾಲಾ ಅವಳನ್ನು ಕೇಳಿದಳು.

“ಸರ್ವರ್ ತುಂಬಿತ್ರಿ ಅಕ್ಕಾರ. ಹಳೇವು ಮೊದಲ ಕಾಪಿ ಮಾಡಿ, ತಪಾಸಿ, ಆಮ್ಯಾಲ ಅಳಸೂಣು ಅಂದೆ. ಮಾಲಕರು ಕೇಳಲಿಲ್ಲ. ಕಟ್ ಮಾಡಿ ಡಿಸ್ಕಿಗೆ ಹಾಕು, ಲಗೂ ಮುಗೀತದ ಅಂದ್ರು. ಅಷ್ಟಮಿ ಸಂಜಿಗೆ ಆ ಕೆಲಸ ಹಚ್ಚಿ ಹಬ್ಬಕ್ಕ ನಮ್ಮೂರು ಗಡಹಿಂಗ್ಲಜಕ್ಕ ಹೋದೆ.”

“ಆಮ್ಯಾಲ ಆಫೀಸಿಗೆ ಯಾರ್ ಬಂದಿದ್ರು?”

“ಯಾರೂ ಇಲ್ಲ! ಖಂಡೇನವಮಿ ಆಯುಧ ಪೂಜಿಗೆ ನಾ ಒಬ್ಬನಽ ಬಂದಿದ್ದೆ,” ಅಂದ ಅಲ್ಲಪ್ಪ. “ಕೀಲಿ ನನ್ನ ಕಡೇನಽ ಇತ್ತು.”

ರತ್ನಮಾಲಾ ಸರ್ವರಿನ ದಾಖಲೆ ನೋಡಿದಳು. ಆಮೇಲೆ ಅರಿಶಿನ ಮೆತ್ತಿದ ಡಿಸ್ಕ್ ತಿರುಗಿಸಿ ಕಣ್ಣ ಹತ್ತಿರ ಹಿಡಿದಳು.

“ಅಣ್ಣಾರ, ಪೂಜಿ ಫೋಟೋ ತೋರಸ್ರಿ.”

ಫೋಟೋ ತೆಗೆಯದೆ ಬಿಡುವ ಆಸಾಮಿಯೇ ಅವನು? ಸುತ್ತಿಗೆ, ಇಕ್ಕಳ, ಪಾನೆಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು — ಹಾರ್ಡ್‌ಡಿಸ್ಕ್! ಫೋಟೋ ತೆಗೆದ ವೇಳೆ ನವಮಿ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು.

“ಸರ್ವರಿನ್ಯಾಗ ಸಾಗಿಸೂ ಕೆಲಸ ನಿಂತದ್ದು ನವಮಿ ಹನ್ನೊಂದೂ ಹದಿನಾಲ್ಕಕ್ಕ,” ಅಂದಳು ರತ್ನಮಾಲಾ. “ಡಿಸ್ಕಿನ ಮ್ಯಾಲಿನ ಅರಿಷಿಣ ಎಲ್ಲಾರೂ ನೋಡೀರಿ. ವೈರ್ ಸಿಗಸೂ ತೂತಿನ್ಯಾಗೂ ಅರಿಷಿಣ ಅದ — ಅದನ್ನ ಯಾರೂ ನೋಡಿಲ್ಲ. ವೈರ್ ಇದ್ದಿದ್ರ ಒಳಗ ಹ್ಯಾಂಗ ಹೋಗ್ತಿತ್ತು? ಕೆಲಸ ನಡದಾಗನಽ ಕಿತ್ತೀರಿ. ಡಿಸ್ಕ್ ಕೆಟ್ಟಿತು. ಹಳೇ ನಕ್ಷೆ ಕಟ್ ಆಗಿ ಡಿಸ್ಕಿಗೆ ಹೋದಂಗ ಸರ್ವರಿನ್ಯಾಗ ಆಗಲೇ ಅಳಿದಿದ್ದುವು. ಕಳ್ಳರು ಯಾರೂ ಇಲ್ರಿ. ನಕ್ಷೆ ಕಳದಾವ್ರು ನೀವಽ.”

ಅಲ್ಲಪ್ಪ ಅವಳ ಕೈಯಿಂದ ಡಿಸ್ಕ್ ತೆಗೆದುಕೊಂಡ.

“ಅದೂ ನಮ್ಮ ಆಯುಧನಽ ಅಲ್ಲೇನ್ರಿ… ಪೂಜಿ ತಪ್ಪಬಾರದಂತ ತಗದೆ,” ಎಂದ. ರುತುಜಾಳತ್ತ ತಿರುಗಿದ. “ತಪ್ಪಾತವ್ವಾ.”

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ಇನ್ನಮ್ಯಾಲ ಎರಡು ಡಿಸ್ಕಿಗೆ ಕಾಪಿ ಮಾಡಿ, ತೆರದು ನೋಡಿನಽ ಅಳಸ್ತೇನ್ರಿ. ಒಪ್ಪಿದ್ರ ಕೆಲಸಕ್ಕ ಕುಂದರ್ತೇನಿ. ಇಲ್ಲಂದ್ರ ಈಗಿಂದೀಗ ಮನೀಗೆ.”

ಅಲ್ಲಪ್ಪ ತನ್ನ ಕುರ್ಚಿಯನ್ನೇ ಅವಳತ್ತ ಸರಿಸಿದ.