ನಾಲ್ಕನೇ ನಂಬರಿನ ಮಿಷನ್

ಮಂಗಳವಾರ ಸಂಜೆ ಐದೂವರೆಗೆ ಚಾಮರಾಜನಗರ ಪಟ್ಟಣದ ಠಾಣೆಗೆ ಸೋಮೇಶ್ ಎಂಬಾತ ಬಂದು ಕಳ್ಳತನದ ದೂರು ಕೊಟ್ಟ. ವಯಸ್ಸು ಮೂವತ್ತೆರಡು, ಊರು ಕುದೇರು. ಸಂತೆಮರಹಳ್ಳಿ ರಸ್ತೆಯ ಗೊಬ್ಬರದಂಗಡಿಯ ಮಹಡಿಯಲ್ಲಿ ಅವನದೊಂದು ಗೇಮ್ ಸೆಂಟರ್ ಇತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಹುಡುಗರು ಕಂಪ್ಯೂಟರಿನಲ್ಲಿ ಆಡುವ ಜಾಗ. ಮಧ್ಯಾಹ್ನ ಎರಡಕ್ಕೆ ಬೀಗ ಹಾಕಿ ಊಟಕ್ಕೆ ಹೋದವನು ನಾಲ್ಕಕ್ಕೆ ಬಂದು ತೆಗೆದಾಗ ಆರು ಮಿಷನ್‌ಗಳಲ್ಲಿ ಒಂದು ಇರಲಿಲ್ಲ.

ಇನ್‌ಸ್ಪೆಕ್ಟರ್ ಸುಧಾಮಣಿ ದೂರನ್ನು ಓದಿದರು.

"ಬೀಗ ಒಡೆದಿದ್ರಾ?"

"ಇಲ್ಲ ಮೇಡಂ. ಹಾಕಿದ್ದು ಹಾಕಿದಂಗೇ ಇತ್ತು."

"ಇನ್ನೊಂದು ಕೀ ಯಾರತ್ರ ಇದೆ?"

"ಯಾರತ್ರನೂ ಇಲ್ಲ."

ಭಾರತೀಯ ನ್ಯಾಯ ಸಂಹಿತೆಯ ಕಲಂ 331(3) ಮತ್ತು 305ರಡಿ ಎಫ್‌ಐಆರ್ ದಾಖಲಾಯಿತು. ಬೆಳಕಿರುವಾಗಲೇ ಇಬ್ಬರು ಪಂಚರನ್ನು ಕರೆದುಕೊಂಡು ಹೋಗಿ ಸ್ಥಳ ಪಂಚನಾಮೆ ನಡೆಸಿದರು. ಹೆಡ್ ಕಾನ್‌ಸ್ಟೇಬಲ್ ಮಂಟೇಸ್ವಾಮಿ ಮೊಬೈಲಿನಲ್ಲಿ ವಿಡಿಯೊ ಮಾಡಿದ. ಹೋಗಿದ್ದು ನಾಲ್ಕನೇ ನಂಬರಿನ ಸಿಪಿಯು ಪೆಟ್ಟಿಗೆ ಮಾತ್ರ. ಪರದೆ, ಕೀಬೋರ್ಡ್, ಮೌಸ್ ಅಲ್ಲೇ ಇದ್ದವು. ವೈರುಗಳನ್ನು ಕಿತ್ತಿರಲಿಲ್ಲ, ಬಿಚ್ಚಿ ಸುತ್ತಿಟ್ಟಿದ್ದರು.

"ಕಳ್ಳನಿಗೆ ವ್ಯಾಪಾರ ಗೊತ್ತಿಲ್ಲ ಮೇಡಂ" ಎಂದ ಮಂಟೇಸ್ವಾಮಿ. "ಪಕ್ಕದಲ್ಲೇ ಹೊಸದು ಕೂತದೆ. ಅದ ಬುಟ್ಟು ಗುಜರಿ ಹೊತ್ಕೊಂಡೋಗವ್ನೆ."

"ಗುಜರಿಯೇ ಬೇಕಿತ್ತೇನೋ. ಸೋಮೇಶ್, ಅದರೊಳಗೆ ಏನಿತ್ತು?"

"ಗೇಮ್ ಅಷ್ಟೇ ಮೇಡಂ." ಆಮೇಲೆ ಸೇರಿಸಿದ: "ಟ್ರ್ಯಾಕ್‌ಗಳಿದ್ವು."

ಕಾರ್ ರೇಸಿನ ಒಂದು ಆಟದಲ್ಲಿ ಆಡುವವರೇ ಹೊಸ ರಸ್ತೆಗಳನ್ನು ಕಟ್ಟಬಹುದು. ಅವನ್ನು ಟ್ರ್ಯಾಕ್ ಅನ್ನುತ್ತಾರೆ. ಈ ಕಡೆಯ ಹುಡುಗರು ಕಟ್ಟಿದ ಟ್ರ್ಯಾಕ್‌ಗಳನ್ನೆಲ್ಲ ಒಂದು ಕಡೆ ಸೇರಿಸಿದ ಡೇಟಾಬೇಸ್ ಇದೆ, ಅದರಲ್ಲಿ ಅತಿ ಹೆಚ್ಚು ಟ್ರ್ಯಾಕ್ ಇರುವುದು ತನ್ನ ಹೆಸರಿನಲ್ಲಿ ಎಂದು ಸೋಮೇಶ್ ಹೇಳಿದ. ಹೇಳುವಾಗ ಕಳ್ಳತನವನ್ನು ಮರೆತವನಂತಿದ್ದ.

ಎದುರಿನ ಬೇಕರಿಯ ಕ್ಯಾಮೆರಾದಲ್ಲಿ, ಹೆಲ್ಮೆಟ್ ಹಾಕಿಕೊಂಡ ಒಬ್ಬ ರಟ್ಟಿನ ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣದ ಕಡೆ ನಡೆದದ್ದು ಸಿಕ್ಕಿತು. ಮುಖ ಕಾಣಲಿಲ್ಲ.

ಬುಧವಾರ ಬೆಳಿಗ್ಗೆ ಸುಧಾಮಣಿ ಡೇಟಾಬೇಸ್ ನೋಡಿಕೊಳ್ಳುವ ಶಿವರಂಜಿನಿಯನ್ನು ಕಂಡರು. ಆಕೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಪೆನ್ ಡ್ರೈವ್‌ಗಳಲ್ಲಿ ಚದುರಿಹೋಗಿದ್ದ ಟ್ರ್ಯಾಕ್‌ಗಳನ್ನು ಹೋದ ವರ್ಷದಿಂದ ಒಟ್ಟುಮಾಡುತ್ತಿದ್ದಳು. ಒಂದೊಂದನ್ನೂ ಯಾರಾದರೂ ಓಡಿಸಿ ನೋಡಿ ಉದ್ದ, ತಿರುವು, ಮಣ್ಣೋ ಡಾಂಬರೋ, ಮಾಡಿದವರು ಯಾರು ಎಂದು ತುಂಬಬೇಕು. ಸತ್ಯಮಂಗಲದ, ವಯನಾಡಿನ ಹುಡುಗರೂ ಸೇರಿದ್ದರು.

"ನಾಲ್ಕನೇ ಮಿಷನ್ ಹೋದ್ರೆ ನಿಮ್ಮ ಡೇಟಾಬೇಸ್‌ಗೆ ಏನು ನಷ್ಟ?"

"ಏನೂ ಇಲ್ಲ ಮೇಡಂ. ಮುಗಿದ ಟ್ರ್ಯಾಕ್ ಎಲ್ಲ ಆನ್‌ಲೈನ್ ಇದಾವೆ. ಕಚ್ಚಾ ಫೈಲ್, ಅಂದ್ರೆ ತಿದ್ದಿ ಕಟ್ಟೋ ಮೂಲ ಫೈಲ್ ಮಾತ್ರ ಕಟ್ಟಿದ ಮಿಷನ್‌ನಲ್ಲೇ ಉಳಿಯುತ್ತೆ."

"ಕಚ್ಚಾ ಯಾರಿಗೆ ಬೇಕು?"

"ಕಟ್ಟಿದವರಿಗೆ ಮಾತ್ರ."

"ಸೋಮೇಶ್‌ಗಾ?"

"ಅಕೌಂಟ್ ಅವರದು ಮೇಡಂ. ಯಾರ ಅಕೌಂಟಿಂದ ಬಂತೋ ಅವರೇ ಮಾಡಿದವರು ಅಂತ ತುಂಬ್ತೀವಿ. ನಾನೂರು ಟ್ರ್ಯಾಕಿಗೆ ಬೇರೆ ದಾರಿ ಇಲ್ಲ. ಹೋದ ತಿಂಗಳು ರಂಗರಾಜು ಅನ್ನೋನು ಗುಂಪಿನಲ್ಲಿ ಬರೆದ, ಅದೆಲ್ಲ ನಂದು ಅಂತ. ಸೆಂಟರಲ್ಲಿ ಕೆಲಸಕ್ಕಿದ್ದ. ಎಲ್ಲರೂ ನಕ್ಕರು. ನಾನು ಪುರಾವೆ ಕೇಳಿದೆ. ಕಚ್ಚಾ ಫೈಲ್ ತೆಗೆದು, ನೀನೇ ಮುಂದುವರಿಸೋದನ್ನ ವಿಡಿಯೊ ಮಾಡಿ ಕಳಿಸು ಅಂದೆ."

"ಕಳಿಸಿದ್ನಾ?"

"ಅಷ್ಟೊತ್ತಿಗೆ ಅವನನ್ನ ಕೆಲಸದಿಂದ ಬಿಡಿಸಿದ್ರು."

ಶಿವರಂಜಿನಿ ಇನ್ನೊಂದು ವಿಷಯ ಹೇಳಿದಳು: ಕಲ್ಲಿಕೋಟೆಯ ಒಂದು ಗೇಮ್ ಕಂಪನಿಗೆ ಟ್ರ್ಯಾಕ್ ಕಟ್ಟುವವರು ಬೇಕಾಗಿದ್ದರು. ಶುಕ್ರವಾರ ಸಂಜೆ ಐದಕ್ಕೆ ಅವರು ಈ ಡೇಟಾಬೇಸ್ ನೋಡಿ ಹೆಚ್ಚು ಟ್ರ್ಯಾಕ್ ಕಟ್ಟಿದ ಐದು ಜನಕ್ಕೆ ಫೋನ್ ಮಾಡುವವರಿದ್ದರು. ಡಿಗ್ರಿ ಕೇಳಿರಲಿಲ್ಲ. ರಂಗರಾಜು ಪಿಯುಸಿ ಫೇಲ್. ಅವನ ಹೆಸರಿನಲ್ಲಿ ಒಂದು ಟ್ರ್ಯಾಕೂ ಇರಲಿಲ್ಲ.

ಮಧ್ಯಾಹ್ನ ಮಂಟೇಸ್ವಾಮಿ ಚಂದಕವಾಡಿಗೆ ಹೋದ. ರಂಗರಾಜುವಿನ ತಾಯಿ ದೊಡ್ಡಮಾದಮ್ಮ ಕೂಲಿಯಿಂದ ಆಗಷ್ಟೇ ಬಂದಿದ್ದಳು.

"ಮಗ ಎಲ್ಲವ್ನೆ?"

"ಕೆಲ್ಸಕ್ಕೆ ಓಗವ್ನೆ ಕಣಪ್ಪ. ಅದೇ, ಸೋಮಣ್ಣನ ಅಂಗ್ಡಿಗೆ. ಅಲ್ಲೇ ಮಲಿಕತ್ತೀನಿ ಅಂದ."

"ಯಾವತ್ತು ಬಂದಿದ್ದ?"

"ಒಂದ್ ತಿಂಗ್ಳಾಯ್ತು. ದುಡ್ಡು ಮಾತ್ರ ಕಳಿಸ್ತಾವ್ನೆ. ಯಾಕಪ್ಪ, ಏನಾರಾ ಮಾಡ್ಬುಟ್ನಾ?"

ಮಂಟೇಸ್ವಾಮಿ ಮಗನ ಫೋನ್ ನಂಬರ್ ಬರೆದುಕೊಂಡ. ಫೋನು ಮಂಗಳವಾರ ಬೆಳಿಗ್ಗೆಯಿಂದ ಆಫ್ ಆಗಿತ್ತು.

ಸಂಜೆ ಸೋಮೇಶ್‌ನನ್ನು ಠಾಣೆಗೆ ಕರೆಸಿದರು.

"ರಂಗರಾಜುನ ಯಾಕೆ ಬಿಡಿಸಿದ್ರಿ?"

"ಮಿಷನ್ ಮುಂದೆ ಕೂತ್ರೆ ಗಿರಾಕಿ ಬಂದು ನಿಂತ್ರೂ ಏಳ್ತಿರಲಿಲ್ಲ ಮೇಡಂ. ಕಸ ಗುಡ್ಸು ಅಂದ್ರೆ ಈ ತಿರುವು ಮುಗಿಸಿ ಬತ್ತೀನಿ ಅಂತಿದ್ದ. ತಿರುವು ಮುಗಿತಾನೇ ಇರಲಿಲ್ಲ."

"ಬೆಳಿಗ್ಗೆ ಅಂಗಡಿ ತೆಗೀತಿದ್ದದ್ದು ಯಾರು?"

"ಅವನೇ."

"ಹಂಗಾದ್ರೆ ಕೀ ಇತ್ತು ಅವನತ್ರ."

"ವಾಪಸ್ ಕೊಟ್ಟ ಮೇಡಂ. ಇನ್ನೊಂದು ಮಾಡಿಸ್ಕೊಂಡಿದ್ರೆ ನಂಗೆ ಗೊತ್ತಿಲ್ಲ."

"ಟ್ರ್ಯಾಕ್ ಕಟ್ಟಿದ್ದು ಯಾರು?"

"ಅಕೌಂಟ್ ನಂದು."

"ಅದನ್ನ ಕೇಳಲಿಲ್ಲ."

"ನಮ್ ಸೆಂಟರ್ದು ಮೇಡಂ."

ಅಷ್ಟರಲ್ಲಿ ಸುಧಾಮಣಿಯವರ ಫೋನ್ ಬಡಿಯಿತು. ಶಿವರಂಜಿನಿ.

"ಮೇಡಂ, ಸೋಮೇಶ್ ಎಲ್ಲಿದ್ದಾರೆ?"

"ನನ್ನ ಎದುರಿಗೆ ಕೂತಿದ್ದಾರೆ."

"ಅವರ ಅಕೌಂಟ್ ಈಗ ಆನ್‌ಲೈನ್ ಇದೆ. ಯಾರೋ ಟ್ರ್ಯಾಕ್ ಕಟ್ಟುತ್ತಿದ್ದಾರೆ."

ಕಚ್ಚಾ ಫೈಲುಗಳು ಯಾವ ಅಕೌಂಟಿನಲ್ಲಿ ಹುಟ್ಟಿದವೋ ಅದರಲ್ಲೇ ತೆರೆಯುತ್ತವೆ. ತಾನು ಕಟ್ಟಿದ್ದೆಂದು ತೋರಿಸಲು ರಂಗರಾಜು ಸೋಮೇಶ್ ಆಗಿಯೇ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು, ಸೋಮೇಶ್ ಬದಲಾಯಿಸಿರಲಿಲ್ಲ. ಮಿಷನ್‌ಗೆ ನೆಟ್ ಕೊಡಲು ಫೋನ್ ಆನ್ ಮಾಡಬೇಕಿತ್ತು. ಮಾಡಿದ್ದ. ಸೈಬರ್ ಪೊಲೀಸರು ಟವರ್ ಹಿಡಿದು ತಿಳಿಸಿದರು: ಗುಂಡ್ಲುಪೇಟೆ, ಊಟಿ ರಸ್ತೆ ಕಡೆ.

ಗುರುವಾರ ಬೆಳಿಗ್ಗೆ ಜೀಪು ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ತಲುಪಿತು. ಕೇರಳದವರು ಚೆಂಡುಹೂ ಖರೀದಿಸುವ ಮಂಡಿಯೊಂದರಲ್ಲಿ ಹೊಸ ಹುಡುಗನೊಬ್ಬ ತೂಕಕ್ಕೆ ನಿಂತಿದ್ದಾನೆ, ಎರಡು ದಿನದಿಂದ ರಜೆ ಹಾಕಿದ್ದಾನೆ ಎಂದು ಅಲ್ಲಿನ ಮೇಸ್ತ್ರಿ ಹೇಳಿ ಹಿಂದಿನ ಕೋಣೆ ತೋರಿಸಿದ. ಬಾಗಿಲು ತೆರೆದೇ ಇತ್ತು. ಚೀಲಗಳ ನಡುವೆ ಹಳೆಯ ಟಿವಿಗೆ ನಾಲ್ಕನೇ ನಂಬರಿನ ಮಿಷನ್ ಜೋಡಿಸಿತ್ತು. ರಂಗರಾಜು ಓಡಲಿಲ್ಲ. ಕುರ್ಚಿಯಿಂದಲೂ ಏಳಲಿಲ್ಲ.

"ರಂಗರಾಜು ನೀನೇನಾ?"

"ಊಂ ಮೇಡಮ್ಮೋರೆ. ಒಂದತ್ ನಿಮ್ಷ ಕೊಡಿ. ಶಿವರಂಜಿನಿ ಮೇಡಮ್ಮೋರ್ಗೆ ವಿಡಿಯೊ ಓಯ್ತಾ ಅದ."

ಪರದೆಯ ಕೆಳಗೆ ನೀಲಿ ಗೆರೆಯೊಂದು ಅರ್ಧ ದಾಟಿತ್ತು. ನೆಟ್ ನಿಧಾನವಿತ್ತು. ಸಿಗ್ನಲ್ ಸಿಗಲೆಂದು ಫೋನನ್ನು ಕಿಟಕಿಯ ಸರಳಿಗೆ ಕಟ್ಟಿದ್ದ.

"ಮಿಷನ್ ಯಾರದು?"

"ಸೋಮಣ್ಣಂದು."

"ನೀನು ತಂದಿದ್ದಾ?"

"ನಾನೇ ತಂದೆ. ಇಲ್ಲ ಅನ್ನಕಿಲ್ಲ. ಈ ಪೆಟ್ಗೆಲಿ ಇರಾದು ನಂದು ಮೇಡಮ್ಮೋರೆ. ಅದ ತಗ್ಯಕೆ ಪೆಟ್ಗೆ ಬೇಕಾಗಿತ್ತು. ಸನ್ವಾರ ವಾಪಸ್ ಇಡನ ಅಂತಿದ್ದೆ."

"ಕೇಳಬಹುದಿತ್ತಲ್ಲ."

"ಕೇಳ್ದೆ. ಇನ್ನೊಂದ್ಸಲ ಕಟ್ಕೊ ಓಗ್ಲಾ ಅಂದ. ಎಲ್ಡ್ ವರ್ಸ ಕಣಿ ಅದು."

ಮಂಟೇಸ್ವಾಮಿ ಇನ್‌ಸ್ಪೆಕ್ಟರ್ ಮುಖ ನೋಡಿದ. ಜಪ್ತಿ ಮಾಡಬೇಕಾದ ಮಿಷನ್‌ನಿಂದ ಏನನ್ನೂ ಹೊರಗೆ ಕಳಿಸಲು ಬಿಡುವಂತಿರಲಿಲ್ಲ. ನಾಳೆ ಕೋರ್ಟಿನಲ್ಲಿ ಅದನ್ನೇ ಕೇಳುತ್ತಾರೆ.

"ಸ್ವಿಚ್ ಆಫ್ ಮಾಡು" ಎಂದರು ಸುಧಾಮಣಿ.

ಮಂಟೇಸ್ವಾಮಿ ಆಫ್ ಮಾಡಿದ. ರಂಗರಾಜು ಕಪ್ಪಾದ ಟಿವಿಯನ್ನು ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಹುಡುಕಿ ಹಾಕಿಕೊಂಡ. ಮಿಷನ್, ನಕಲಿ ಕೀ, ಫೋನ್ ಮೂರನ್ನೂ ಪಂಚರ ಮುಂದೆ ಸೀಲ್ ಮಾಡಿ ಜಪ್ತಿ ಪಂಚನಾಮೆ ಬರೆದರು. ಬಂಧನದ ವಿಷಯವನ್ನು ತಾಯಿಗೆ ತಿಳಿಸಲು ಚಂದಕವಾಡಿಗೆ ಬೀಟ್ ಪೊಲೀಸರನ್ನು ಕಳಿಸಿದರು.

ಮಧ್ಯಾಹ್ನ ಠಾಣೆಯಲ್ಲಿ ಸೋಮೇಶ್‌ನ ಪುನರ್ ಹೇಳಿಕೆ. ಹೇಳಿಕೆ ಕೊಡಲು ಶಿವರಂಜಿನಿಯೂ ಬಂದು ಕೂತಿದ್ದಳು. ರಂಗರಾಜು ಗೋಡೆ ಪಕ್ಕದ ಬೆಂಚಿನ ಮೇಲಿದ್ದ. ಸೋಮೇಶ್ ಒಳಗೆ ಬಂದವನೇ ಅವನ ಮುಂದೆ ನಿಂತ.

"ಉಂಡ ಮನೆಗೇ ಕನ್ನ ಹಾಕ್ಬುಟ್ಯಲ್ಲೋ."

"ಉಂಡಿದ್ದು ನಮ್ಮವ್ವ ಕಟ್ಕೊಟ್ಟ ಬುತ್ತಿ ಕಣಣ್ಣ. ನಿನ್ ಅಂಗ್ಡೀಲಿ ಕಸ ಗುಡ್ಸಿದ್ದಷ್ಟೇ."

"ಸಾಕು. ಸೋಮೇಶ್, ಇಲ್ಲಿ ಬನ್ನಿ" ಎಂದರು ಸುಧಾಮಣಿ. "ಹೊಸ ಮಿಷನ್ ಬಿಟ್ಟು ಹಳೇದನ್ನ ಇವನು ಯಾಕೆ ಒಯ್ದ ಅಂತ ನಾನು ಕೋರ್ಟಿಗೆ ಹೇಳಬೇಕು. ಟ್ರ್ಯಾಕ್ ನೀವೇ ಕಟ್ಟಿದ್ದು ಅಂತ ಬರೆದ್ರೆ ಇವನಿಗೆ ಅದು ಬೇಕಾಗೋಕೆ ಕಾರಣವೇ ಇರಲ್ಲ. ನಾಳೆ ನಿಮ್ಮನ್ನ ಸಾಕ್ಷಿಗೆ ಕರೆದು, ಒಂದು ತಿರುವು ಕಟ್ಟಿ ತೋರಿಸಿ ಅಂದ್ರೆ ತೋರಿಸ್ತೀರಾ?"

ಸೋಮೇಶ್ ಶಿವರಂಜಿನಿಯ ಕಡೆ ನೋಡಲಿಲ್ಲ.

"ಅವನೇ ಕಟ್ಟಿದ್ದು" ಎಂದ. "ಬರ್ಕೊಳ್ಳಿ. ಆದ್ರೆ ಮಿಷನ್ ನಂದು, ಕರೆಂಟ್ ನಂದು. ಅದನ್ನೂ ಬರ್ಕೊಳ್ಳಿ."

ಮಂಟೇಸ್ವಾಮಿ ಎರಡನ್ನೂ ಬರೆದ.

"ಬರ್ದಾಯ್ತಾ ಸಾ?" ಬೆಂಚಿನಿಂದ ರಂಗರಾಜು ಕೇಳಿದ.

"ಆಯ್ತು ಕಣ್ಲಾ."

"ಒಂದ್ಸಲ ಓದಿ."

ಸುಧಾಮಣಿ ಬೇರೆ ಕಾಗದಕ್ಕೆ ಸಹಿ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. ಮಂಟೇಸ್ವಾಮಿ ಓದಿದ: ಸದರಿ ಅಕೌಂಟಿನಲ್ಲಿರುವ ಅರವತ್ತಮೂರು ಟ್ರ್ಯಾಕ್‌ಗಳನ್ನೂ ಆರೋಪಿ ರಂಗರಾಜು ತಯಾರಿಸಿದ್ದು ನಿಜವಿರುತ್ತದೆ.

"ಅರವತ್ಮೂರಲ್ಲ" ಎಂದ ರಂಗರಾಜು. "ಎಲ್ಡು ನಂದಲ್ಲ. ಸತ್ಯಮಂಗಲದ ಒಬ್ಬಂದ ನೋಡ್ಕಂಡು ಮಾಡಿದ್ದು. ಅವೆಲ್ಡ ಬುಟ್ಟು ಬರೀರಿ."

ಮಂಟೇಸ್ವಾಮಿ ಅಂಕಿ ಹೊಡೆದು ಮೇಲೆ ಅರವತ್ತೊಂದು ಎಂದು ಬರೆದ. ಓದಿ ಹೇಳಿದ್ದಕ್ಕೆ ಸೋಮೇಶ್ ಸರಿ ಎಂದ.

ಶುಕ್ರವಾರ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು, ನ್ಯಾಯಾಂಗ ಬಂಧನವಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಸುಧಾಮಣಿ, "ತಾನು ತಯಾರಿಸಿದ್ದಕ್ಕೆ ತನ್ನ ಹೆಸರು ಹಾಕಿಸಿಕೊಳ್ಳುವ ಸಲುವಾಗಿ" ಎಂದು ಬರೆದಿದ್ದರು. ಸಂಜೆ ಐದಕ್ಕೆ ಕಲ್ಲಿಕೋಟೆಯವರು ಡೇಟಾಬೇಸ್ ತೆರೆದಾಗ ಅರವತ್ತೊಂದು ಟ್ರ್ಯಾಕ್‌ಗಳ ಮುಂದೆ ರಂಗರಾಜು, ಚಂದಕವಾಡಿ ಎಂದಿತ್ತು. ಶಿವರಂಜಿನಿ ಹಿಂದಿನ ದಿನವೇ ತಿದ್ದಿದ್ದಳು. ಅದರ ಮುಂದೆ ಅವನ ಫೋನ್ ನಂಬರನ್ನೂ ಹಾಕಿದ್ದಳು. ಆ ಫೋನು ಠಾಣೆಯ ಬೀರುವಿನಲ್ಲಿ ಅರಗು ಹಾಕಿದ ಲಕೋಟೆಯೊಳಗೆ ಆಫ್ ಆಗಿತ್ತು.