ಹಿಂದಕ್ಕೆ ಸರಿದ ಪ್ಲಾಸ್ಮಾ ಎಂಜಿನ್

"ರೀ ಶಿವಶರಣಪ್ಪ! ಎಂಜಿನ್ ಮುಂದಕ್ಕೆ ಹೋಗ್ಬೇಕಿತ್ತು. ಹಠ ಹಿಡಿದ ಕೋಣದ ಥರ ಹಿಂದಕ್ಕೆ ಹೋಯ್ತಲ್ರೀ!"

ಎಂಜಿನ್ನಿನ ಲೆಕ್ಕ ಹಾಕಿದ್ದ ಗಂಗರತ್ನ ಕಿರುಚಿದ್ದಕ್ಕೆ ಹೆಬ್ಬಾಳ ಕೆರೆಯ ಬಾತುಕೋಳಿಗಳೆಲ್ಲ ತುಮಕೂರಿಗೆ ಹಾರಿದವು! ಪ್ರಯೋಗಾಲಯ ಇದ್ದದ್ದು ಜಾಲಹಳ್ಳಿಯಲ್ಲಿ, ಆದರೂ ಹಾರಿದವು. ನಾನು ಸುಳ್ಳು ಹೇಳುವವನೇ?

1983ರ ದಸರಾ ಮುಗಿದ ಮಾರನೆಯ ದಿನ ಅದು. ದೆಹಲಿಯ ಅತಿಥಿಗಳೆದುರಿಗೇ ಮಾನ ಹೋಗಿತ್ತು.

ಗುಟ್ಟು ಸರಳ. ಪ್ಲಾಸ್ಮಾ ಎಂಬ ಕುದಿಬಿಸಿ ಅನಿಲದಲ್ಲಿ ವಿದ್ಯುತ್ ಹರಿಸಿ, ಅದಕ್ಕೆ ಅಡ್ಡವಾಗಿ ತಂತಿಸುರುಳಿಯ ಕಾಂತಕ್ಷೇತ್ರ ಹಿಡಿದರೆ ಪ್ಲಾಸ್ಮಾ ಹಿಂದಕ್ಕೆ ಚಿಮ್ಮುತ್ತದೆ. ತೂಗುಹಾಕಿದ ಎಂಜಿನ್ ಮುಂದಕ್ಕೆ ಸರಿಯುತ್ತದೆ. ಸುರುಳಿಯ ವಿದ್ಯುತ್ತಷ್ಟೇ ತಿರುಗುಮುರುಗಾದರೆ ಎಲ್ಲವೂ ಉಲ್ಟಾ!

"ಸುರುಳಿ ವೈರು ಉಲ್ಟಾ ಕೊಟ್ಟಿದ್ದೀರಿ!"

"ಕೆಂಪು ವೈರು ಕೆಂಪು ಬೋಲ್ಟಿಗೇ ಕೊಟ್ಟೀನ್ರಿ! ನಿಮ್ಮ ಲೆಕ್ಕಾನ ತಪ್ಪೈತಿ!" ವೈರು ಜೋಡಿಸಿದ್ದ ಶಿವಶರಣಪ್ಪ ಸಿಡುಕಿದ.

"ನನ್ನ ಲೆಕ್ಕಾನಾ?! ವಿಜಾಪುರದಲ್ಲಿ ಕಲಿತಿದ್ದು ಬರೀ ಬಾಯಾ?"

ಮುಖ್ಯಸ್ಥ ಮಹಾಲಿಂಗಪ್ಪನವರು ಒಂದೇ ಮಾತು ಹೇಳಿದರು. "ಶಿವಶರಣಪ್ಪ, ನಾಳೆಯಿಂದ ಬರ್ಬೇಡಿ."

ಅವನು ಚೀಲ ಹೆಗಲಿಗೇರಿಸಿ ಹೊರಟ. ವರ್ಷವಿಡೀ ಜಗಳವಾಡಿದ ಗಂಗರತ್ನ ಗೆದ್ದಿದ್ದಳು. ಗೆದ್ದ ಖುಷಿ ಎಲ್ಲಿ ಹೋಯಿತು...? 'ಛೀ! ಅವನಿಲ್ಲದಿದ್ರೆ ನಂಗೇನು?' ಎನ್ನುತ್ತಲೇ ಯಂತ್ರದ ಮುಂದಿನ ಬೋಲ್ಟನ್ನು ಒರೆಸಿದಳು.

ಬೆರಳೆಲ್ಲ ಕೆಂಪಾಯಿತು!

ಬಣ್ಣವಾಗಿದ್ದರೆ ಬೆರಳಿಗೆ ಹತ್ತುತ್ತಿರಲಿಲ್ಲ. ಇದು ಕುಂಕುಮ... ಆಯುಧಪೂಜೆಗೆ ವೈರು ಬಿಚ್ಚಿ, ಯಂತ್ರ ತೊಳೆದು, ಬೋಲ್ಟು ಬೋಲ್ಟಿಗೂ ಭಕ್ತಿಯಿಂದ ಕುಂಕುಮ ಬಳಿದವಳು ತಾನೇ! ಅವನು ಕೆಂಪು ವೈರು ಕೊಟ್ಟದ್ದು ಈ ಕುಂಕುಮದ ಬೋಲ್ಟಿಗೆ; ನಿಜವಾದ ಕೆಂಪು ಬಣ್ಣದ ಬೋಲ್ಟು ಹಿಂಬದಿಯಲ್ಲಿ ಅಡಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಮಹಾಲಿಂಗಪ್ಪನವರ ಬಾಗಿಲು ತಳ್ಳಿದಳು. "ಸಾರ್, ತಪ್ಪು ನಂದು. ಕಳಿಸೋದಾದ್ರೆ ನನ್ನ ಕಳಿಸಿ!"

"ಯಾರೂ ಹೋಗ್ಬೇಡಿ," ಎಂದು ಗುಡುಗಿದರು ಅವರು. "ಮೊದ್ಲು ಅವನನ್ನ ಕರ್ಕೊಂಡ್ ಬಾ!"

ಓಡಿದಳು ನೋಡಿ, ಪ್ಲಾಸ್ಮಾವೇ ನಾಚಬೇಕು! ಬಸ್‌ಸ್ಟಾಪಿನಲ್ಲಿ ನಿಂತಿದ್ದ ಶಿವಶರಣಪ್ಪನೆದುರು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡಳು.

ಅವನು ಕೆಂಡವಾದ. "ಎಲ್ಲಾರ ಮುಂದ ಮರ್ಯಾದಿ ಕಳದ್ರಲ್ರಿ!"

"ಬೈರಿ. ಎಷ್ಟು ಬೇಕೋ ಬೈದು ಮುಗಿಸಿ. ಆದ್ರೆ... ಊರಿಗೆ ಹೋಗ್ಬೇಡಿ."

"ಮುಗಸಾಕ ಒಂದು ಜನ್ಮ ಬೇಕ್ರಿ!"

"ತಗೊಳ್ಳಿ, ಯಾರ್ ಬೇಡ ಅಂದ್ರು?"

ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

"ಗಂಗರತ್ನ... ಖರೇನ ಹೇಳಾಕತ್ತೀರೇನು?"

"ಮತ್ತೆ? ಸುಮ್ನೆ ಓಡಿ ಬರೋಕೆ ನಂಗೇನು ಹುಚ್ಚಾ... ದಡ್ಡ!"