ಕೇಳಿ ತೆಗೆದ ಮುಖಗಳು

"ಇದು ನಮ್ಮವ್ವ ಅಲ್ರಿ."

ಮಾತು ಮೆಲ್ಲಗೇ ಬಂದಿತ್ತು. ಆದರೂ ಚೌಕಟ್ಟಿನ ಗಾಜು ಒರೆಸುತ್ತಿದ್ದ ನೀಲಮಳ ಕೈ ಅಲ್ಲೇ ನಿಂತಿತು.

ಚಿಕ್ಕೋಡಿ ಬಸ್ ನಿಲ್ದಾಣದ ಎದುರಿನ ಆ ಸ್ಟುಡಿಯೋಕ್ಕೆ ಅವಳು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೋಗಳ ನಡುವೆ ವಾರಕ್ಕೆ ಒಂದೆರಡಾದರೂ ತೀರಿಕೊಂಡವರ ಫೋಟೋ ಬರುತ್ತಿತ್ತು. ಹಳ್ಳಿಯ ಹೆಂಗಸರದಾದರೆ ಮನೆಯವರು ತರುತ್ತಿದ್ದುದು ಬರೀ ಆಧಾರ್ ಕಾರ್ಡ್. ಆ ಮಸುಕು ಮುಖವನ್ನು ದೊಡ್ಡದು ಮಾಡಿ, ಬಣ್ಣ ತಿದ್ದಿ, ಜರಿ ಸೀರೆ ಉಡಿಸಿ, ಕೊರಳಿಗೆ ಸರ ಹಾಕಿ ಕೊಡುವುದು ಅವಳ ಕೆಲಸ. ಇದುವರೆಗೆ ಎಲ್ಲರೂ ಕಣ್ಣೊರೆಸಿಕೊಂಡು ಒಯ್ದಿದ್ದರು.

ಈತ ಮಾತ್ರ ಚೌಕಟ್ಟನ್ನು ಮುಟ್ಟಲೂ ಇಲ್ಲ.

ಹೆಸರು ಜ್ಞಾನದೇವ. ಊರು ಅಲಖನೂರ. ಶೇಡಬಾಳದ ದನದ ಆಸ್ಪತ್ರೆಯಲ್ಲಿ ನೌಕರಿ. ಅವನ ತಾಯಿ ಸಕ್ಕುಬಾಯಿ ತೀರಿಕೊಂಡು ಎಂಟು ದಿನವಾಗಿತ್ತು.

ಏನು ತಪ್ಪಾಗಿದೆ ಎಂದು ನೀಲಮ ಕೇಳಿದಳು.

"ಅವ್ವನ ಗದ್ದದ ಮ್ಯಾಲೆ ಮೂರು ಚುಕ್ಕಿ ಹಚ್ಚಿ ಇತ್ತರಿ. ಅದನ್ನ ಒರಸಿಬಿಟ್ಟೀರಿ. ಜರಿ ಸೀರಿ ಅಕಿ ಜನ್ಮದಾಗ ಉಟ್ಟಾಕಿ ಅಲ್ಲ. ಯಾರನ್ನ ಗ್ವಾಡಿಗೆ ಹಾಕ್ಲಿ ನಾನು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಆ ಹಚ್ಚೆಯ ಚುಕ್ಕಿಗಳನ್ನು ಅವಳು ಕಂಡಿದ್ದಳು. ಕಾರ್ಡಿನ ಮೇಲಿನ ಕೊಳೆ ಎಂದುಕೊಂಡು ಅಳಿಸಿದ್ದಳು... ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ!

ಸಂಜೆ ತನ್ನೂರು ಕರೋಶಿಯ ಬಸ್ಸಿನಲ್ಲಿ ಕೂತಾಗಲೂ ಅದೇ ಯೋಚನೆ. ಬ್ಯಾಗಿನಲ್ಲಿ ಅವಳದೊಂದು ನೋಟುಬುಕ್ ಇತ್ತು. ಬೆಳಗಾವಿಯ ಮಹಿಳಾ ಛಾಯಾಗ್ರಾಹಕರ ಒಂದು ಬಳಗ, ಸ್ವಂತದ ಒಂದು ವಿಷಯ ಹಿಡಿದು ಫೋಟೋ ಕಳಿಸಿ ಎಂದು ಕೇಳಿತ್ತು. ನಾಲ್ಕು ತಿಂಗಳಿಂದ ಅವಳು ವಿಷಯ ಹುಡುಕುತ್ತಿದ್ದಳು. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಕಾಗವಾಡದ ಕಡೆಯ ಒಣದ್ರಾಕ್ಷಿ ಶೆಡ್ಡುಗಳು, ಕುಡಚಿಯ ಹತ್ತಿರ ಕೃಷ್ಣೆ. ಎಲ್ಲವನ್ನೂ ತೆಗೆದು ನೋಡಿದ್ದಳು. ಚೆಂದವೇ ಬಂದಿದ್ದವು. ಆದರೆ ಬೇರೆ ಯಾರೋ ಮೊದಲೇ ತೆಗೆದಿಟ್ಟ ಹಾಗಿದ್ದವು. ನೋಟುಬುಕ್ಕಿನಲ್ಲಿ ಒಂದೊಂದನ್ನೇ ಹೊಡೆದುಹಾಕಿದ್ದಳು.

ಇಷ್ಟು ವರ್ಷ ಜರಿ ಸೀರೆ ಉಡಿಸಿದ ಆ ಹೆಂಗಸರಲ್ಲಿ ಒಬ್ಬರನ್ನಾದರೂ, ನಿಮ್ಮ ಫೋಟೋ ಹೇಗಿರಬೇಕು ಎಂದು ಬದುಕಿದ್ದಾಗ ಯಾರಾದರೂ ಕೇಳಿದ್ದರೇ?

ಬಸ್ಸು ಕುಲುಕುತ್ತಿದ್ದಂತೆಯೇ ಅವಳು ಆ ಪ್ರಶ್ನೆಯನ್ನು ಹೊಸ ಪುಟದಲ್ಲಿ ಬರೆದಳು. ಉಳಿದದ್ದನ್ನೆಲ್ಲ ಬಿಟ್ಟಳು.

ಭಾನುವಾರ ಅವಳು ಅಲಖನೂರಿಗೆ ಹೋದಳು. ಜ್ಞಾನದೇವ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ಕೂತಿದ್ದವಳು ಸಕ್ಕುಬಾಯಿಯ ತಂಗಿ ತಾರಾಬಾಯಿ. ಅವಳ ಗದ್ದದ ಮೇಲೂ ಮೂರು ಚುಕ್ಕಿ! ಅಕ್ಕತಂಗಿಯರು ಒಂದೇ ದಿನ ಕೂತು ಹಾಕಿಸಿಕೊಂಡದ್ದಂತೆ. ಅಕ್ಕ ಅಳಲಿಲ್ಲ, ತಾನು ಊರಿಗೆಲ್ಲ ಕೇಳುವಂತೆ ಅತ್ತೆ ಎಂದು ತಾರಾಬಾಯಿ ಹೇಳಿದಳು. ಹೇಳುತ್ತ ಹೇಳುತ್ತ ಈಗಲೂ ಅತ್ತಳು.

ನೀಲಮ ಅನುಮತಿ ಕೇಳಿ ಆ ಗದ್ದದ ಫೋಟೋ ತೆಗೆದಳು. ಸಕ್ಕುಬಾಯಿ ಹೊಲಕ್ಕೆ ಉಡುತ್ತಿದ್ದ ಹಸಿರು ಇಳಕಲ್ಲಿನ ಸೀರೆಯನ್ನು ಹಗ್ಗದ ಮೇಲೆ ಹರವಿಸಿ ಅದನ್ನೂ ತೆಗೆದಳು. ಸ್ಟುಡಿಯೋದಲ್ಲಿ ಎರಡು ದಿನ ಕೂತು ಮುಖವನ್ನು ಮತ್ತೆ ಕಟ್ಟಿದಳು. ಸರ ತೆಗೆದಳು, ಸುಕ್ಕುಗಳನ್ನು ಹಿಂದಕ್ಕೆ ತಂದಳು.

ಜ್ಞಾನದೇವ ಬಂದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚೌಕಟ್ಟನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು, ಹೌದೆಂಬಂತೆ ತಲೆಯಾಡಿಸಿದ.

ವಾರ ಕಳೆದು ಅವನೇ ಫೋನ್ ಮಾಡಿದ. ಅಲಖನೂರಿನಲ್ಲಿ ನೀಲಮ ಹೇಳಿಕೊಂಡಿದ್ದ ಪ್ರಶ್ನೆಯ ವಿಷಯವನ್ನು ತಾರಾಬಾಯಿ ಅವನಿಗೆ ಹೇಳಿದ್ದಳು. ದನಗಳಿಗೆ ಲಸಿಕೆ ಹಾಕಲು ತಾನು ಮನೆಮನೆಗೆ ಹೋಗುತ್ತೇನೆ, ಬೇಕಾದರೆ ಜೊತೆಗೆ ಬರಬಹುದು ಎಂದ.

ಹೀಗೆ ರಜೆಯ ದಿನಗಳೆಲ್ಲ ಆ ಕೆಲಸಕ್ಕೆ ಹೋದವು. ಎಲ್ಲ ಹೆಂಗಸರಿಗೂ ಅವಳದು ಒಂದೇ ಪ್ರಶ್ನೆ. ಮೊದಲು ನಗುತ್ತಿದ್ದರು. ಆಮೇಲೆ ತಮಗೆ ಬೇಕಾದದ್ದು ಹೇಳುತ್ತಿದ್ದರು. ಒಬ್ಬಳು ತನ್ನ ಎಮ್ಮೆಯ ಜೊತೆ ಬೇಕೆಂದಳು. ಒಬ್ಬಳು ಗಂಡ ಕೂರುವ ಕುರ್ಚಿಯಲ್ಲಿ. ಕಬ್ಬು ಕಡಿಯುವ ಸುಂದರಾ ಎಂಬವಳು ಮಧ್ಯಾಹ್ನ ಮಲಗಿರುವಂತೆ ತೆಗಿ ಎಂದಳು. ಮದುವೆಯಾದ ಮೇಲೆ ಒಂದು ದಿನವೂ ಮಧ್ಯಾಹ್ನ ಮಲಗಿಲ್ಲವಂತೆ. ಅವಳು ನಿಜವಾಗಿಯೂ ನಿದ್ದೆ ಹೋಗುವವರೆಗೆ ನೀಲಮ ಕಾದಳು.

ಜ್ಞಾನದೇವ ಬಿಳಿ ಧೋತರ ಹಿಡಿದು ಮುಖಕ್ಕೆ ಬೆಳಕು ತಿರುಗಿಸುತ್ತಿದ್ದ. ಹೆಂಗಸರು ಮನದ ಮಾತು ಶುರುಮಾಡಿದರೆ ತಾನಾಗಿಯೇ ಎದ್ದು ದನಗಳ ಕಡೆ ಹೋಗುತ್ತಿದ್ದ.

ಇವನಿಗೆ ಇದನ್ನು ಯಾರು ಕಲಿಸಿದರು... ಎಂದು ನೀಲಮ ಅವನ ಬೆನ್ನನ್ನೇ ನೋಡುತ್ತಿದ್ದಳು. ಅವಳೊಳಗೆ ಏನೋ ನಿಧಾನವಾಗಿ ಮೆತ್ತಗಾಗುತ್ತಿತ್ತು.

ಆಮೇಲೆ ಒಂದು ದಿನ ಅವನ ಫೋನ್ ಬರುವುದು ನಿಂತಿತು.

ಅವಳು ಮಾಡಿದರೆ ಎತ್ತಲಿಲ್ಲ. ಒಂದು ವಾರವಾಯಿತು. ಎರಡಾಯಿತು. ತಾನೇನು ಮಾಡಿದೆ? ಕೊನೆಗೆ ಫೋನ್ ಮಾಡಿದವಳು ತಾರಾಬಾಯಿ. ನಮ್ಮಕ್ಕನನ್ನು ಯಾಕವ್ವ ಮೊಬೈಲಿನಲ್ಲಿ ಕುಣಿಸಿದಿ ಎಂದು ಕೇಳಿದಳು.

ಮಾಲೀಕ ನಾಮದೇವ ಸ್ಟುಡಿಯೋದ ಪೇಜಿನಲ್ಲಿ ಸಕ್ಕುಬಾಯಿಯ ಎರಡು ಮುಖಗಳನ್ನೂ ಅಕ್ಕಪಕ್ಕ ಹಾಕಿದ್ದ. ಮೊದಲು, ನಂತರ. ಹಿಂದೆ ಹಾಡು. ಕೆಳಗೆ ಯಾರು ಯಾರೋ ನಕ್ಕು ಬರೆದ ಮಾತುಗಳು. ಜ್ಞಾನದೇವನ ನೆಂಟರೆಲ್ಲ ಅದನ್ನು ನೋಡಿದ್ದರು.

ನೀಲಮ ಕೌಂಟರಿನ ಮುಂದೆ ಹೋಗಿ ನಿಂತಳು. ತೆಗೆಯಿರಿ ಎಂದು ನಾಮದೇವನಿಗೆ ಹೇಳಿದಳು. ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಸ್ಟುಡಿಯೋದ ಕೆಲಸ, ಸ್ಟುಡಿಯೋದ ಜಾಹೀರಾತು ಎಂದ. ಅವನು ತೆಗೆಯುವವರೆಗೆ ಅವಳು ಕೌಂಟರಿನ ಮುಂದಿನಿಂದ ಕದಲಲಿಲ್ಲ. ತೆಗೆದ ಮೇಲೆ ಬೀಗದ ಕೈ ಮೇಜಿನ ಮೇಲಿಟ್ಟು ಹೊರಬಿದ್ದಳು. ನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಮರುದಿನ ಅವಳು ಶೇಡಬಾಳದ ದನದ ಆಸ್ಪತ್ರೆಗೆ ಹೋದಳು. ಜ್ಞಾನದೇವ ಒಂದು ಆಕಳಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಆಕಳು ಹೋಗುವವರೆಗೆ ಅವಳು ಬೇವಿನ ಮರದ ಕೆಳಗೆ ನಿಂತಿದ್ದಳು.

ಆಮೇಲೆ ನಡೆದದ್ದನ್ನು ಇದ್ದಂತೆ ಹೇಳಿದಳು. ತನ್ನ ತಪ್ಪನ್ನೂ ಬಿಡಲಿಲ್ಲ. ಫೋಟೋವನ್ನು ಸ್ಟುಡಿಯೋದ ಕಂಪ್ಯೂಟರಿನಲ್ಲೇ ಬಿಟ್ಟವಳು ತಾನೇ. ಒಂದು ಪೆನ್‌ಡ್ರೈವ್ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನಿಮ್ಮವ್ವ ಇದರಾಗ ಅದಾರ. ಅಲ್ಲಿ ಅಳಸೇನಿ. ನನ್ನ ಹತ್ರನೂ ಒಂದೂ ಇಲ್ಲ."

ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಬೆಳಗಾವಿಗೆ ಕಳಸೋ ಫೋಟೋ?" ಎಂದು ಕೇಳಿದ.

"ಕಳಸಿಲ್ಲ. ತೆಗೀಲೇನು ಅಂತ ಕೇಳಿದ್ದೆ ಅವರನ್ನ. ಮಂದಿಗೆ ತೋರಸ್ಲೇನು ಅಂತ ಕೇಳಿರಲಿಲ್ಲ. ಎಲ್ಲಾರ ಮನಿಗೂ ಮತ್ತ ಹೋಗಬೇಕು."

ಅಷ್ಟು ಹೇಳಿ ಅವಳು ತಿರುಗಿದಳು. ಗೇಟಿನವರೆಗೂ ಹೋಗಿದ್ದಳು.

"ನೀಲಮ."

ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು.

"ನಾನೂ ಕೇಳಲಿಲ್ಲ," ಎಂದ ಅವನು. "ನಿಮಗೊಂದ ಫೋನ್ ಮಾಡಿ, ಇದು ಖರೇ ಏನ್ರಿ ಅಂತ ಕೇಳಬೇಕಿತ್ತು. ಅಂಜಿಕಿ ಬಂತು. ನೀವ ಹೌದು ಅಂದಬಿಟ್ರ..."

ಮುಂದಿನ ಮಾತು ಅವಳಿಗೆ ಬೇಕಾಗಿರಲಿಲ್ಲ. ಇಷ್ಟು ದಿನ ತಡೆದಿಟ್ಟ ಕಣ್ಣೀರು ತಾನಾಗಿಯೇ ಇಳಿಯಿತು.

ಫೋಟೋ ತೆಗೆದಿದ್ದ ಹನ್ನೊಂದು ಮನೆಗಳಿಗೂ ಇಬ್ಬರೂ ಮತ್ತೆ ಹೋದರು. ಒಂಬತ್ತು ಜನ ಒಪ್ಪಿದರು. ಇಬ್ಬರು ಬೇಡವೆಂದರು. ಸುಂದರಾ ಅವರಲ್ಲೊಬ್ಬಳು, ನಾನು ಮಲಗಿದ್ದು ನನ್ನ ಹತ್ತಿರವೇ ಇರಲಿ ಎಂದಳು. ಎಲ್ಲಕ್ಕಿಂತ ಚೆಂದ ಬಂದಿದ್ದ ಫೋಟೋ ಅದು. ನೀಲಮ ಅದನ್ನು ಅವಳ ಕೈಗೇ ಕೊಟ್ಟು ಬಂದಳು.

ಕೊನೆಯ ಮನೆ ಶೇಡಬಾಳದ ಪದ್ಮವ್ವನದು. ಹೊರಬಂದಾಗ ಇಳಿಹೊತ್ತು. ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಇಬ್ಬರೂ ಬಹಳ ದೂರ ನಡೆದರು.

ಜ್ಞಾನದೇವ ನಿಂತ. "ಕರೋಶಿಗೆ ನಿಮ್ಮ ಮನಿಗೆ ಬರಬೇಕಂತ ಮಾಡೇನಿ. ಹೆಣ್ಣ ಕೇಳಾಕ. ಆದ್ರ... ಮುಂದ ನಿಂತ ಮಾತಾಡಾಕ ನನಗ ಅವ್ವ ಇಲ್ಲ."

ನೀಲಮ ದಾರಿಗೆ ಬಾಗಿದ್ದ ಒಂದು ಬಳ್ಳಿಯನ್ನು ಪಕ್ಕಕ್ಕೆ ಸರಿಸಿದಳು.

"ತಾರಾಬಾಯಿ ಮಾವಶಿನ್ನ ಕರಕೊಂಡ ಬರ್ರಿ."

"ಅಕಿ ಮಾತಿಗೊಮ್ಮೆ ಅಳತಾಳ."

"ಅಳಲಿ. ನಮ್ಮವ್ವನೂ ಅಳತಾಳ. ಇಬ್ಬರೂ ಕುಂತ ಅಳತಾರ."

ಅವನು ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಇದೇ ಮೊದಲು. ಆಮೇಲೆ ನಗು ಇಳಿದು ದನಿ ಸಣ್ಣದಾಯಿತು.

"ಮನಿಯವರನ್ನ ಆಮ್ಯಾಲೆ ಕೇಳ್ತೀನಿ. ಮದಲ ನೀವ ಹೇಳ್ರಿ."

"ಹೂಂ," ಎಂದಳು ನೀಲಮ. ಅವನಿಗೆ ಕೇಳಿಸಲಿಲ್ಲವೇನೋ ಎಂದು, ಅವನ ಕೈ ಹಿಡಿದು ಇನ್ನೊಮ್ಮೆ ಹೇಳಿದಳು.